ಡಿಸ್ಕ್ ಬದಲಿಸಿದಾಗ ಕಾಣೆಯಾಗುವ ಪರೀಕ್ಷಕ

ಲ್ಯಾಪ್‌ಟಾಪ್ ಹಳೆಯದಾಗಿ ತೆವಳತೊಡಗಿದಾಗ ಅದರ ಆಯಸ್ಸು ಹೆಚ್ಚಿಸುವ ಅಗ್ಗದ ಉಪಾಯವೆಂದರೆ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದು ದಿನನಿತ್ಯದ ಕೆಲಸ. ಹಿಂಬದಿಯ ಸ್ಕ್ರೂ ಬಿಚ್ಚಿ, ಹಳೆಯ ಡಿಸ್ಕ್ ಎಳೆದು, ಹೊಸದನ್ನು ಕೂರಿಸಿ, ವಿಂಡೋಸ್ ಅಥವಾ ಲಿನಕ್ಸ್ ಹಾಕಿಕೊಟ್ಟರೆ ಮುಗಿಯಿತು. ಯಂತ್ರ ಚುರುಕಾಗುತ್ತದೆ, ಮಾಲೀಕರಿಗೂ ಸಮಾಧಾನ.

ಕೆಲವು ತಿಂಗಳ ಬಳಿಕ ಅದೇ ಯಂತ್ರ ಕೆಲಸದ ನಡುವೆ ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿತು ಎಂದಿಟ್ಟುಕೊಳ್ಳಿ. ರ‍್ಯಾಮ್ ಕೆಟ್ಟಿದೆಯೋ, ಫ್ಯಾನ್ ನಿಂತಿದೆಯೋ, ಹೊಸ ಡಿಸ್ಕಿನದೇ ತೊಂದರೆಯೋ, ಬರೀ ವಿಂಡೋಸ್‌ನ ರಗಳೆಯೋ ತಿಳಿಯಬೇಕು. 2000ದ ದಶಕದ ಡೆಲ್ ಲ್ಯಾಪ್‌ಟಾಪ್ ಆಗಿದ್ದರೆ ಕೈಪಿಡಿ ಒಂದು ದಾರಿ ಹೇಳುತ್ತದೆ: ಯಂತ್ರ ಶುರುವಾಗುವಾಗ ಎಫ್12 ಒತ್ತಿ, ಮೆನುವಿನಲ್ಲಿ ಡಯಾಗ್ನಾಸ್ಟಿಕ್ಸ್ ಆರಿಸಿ. ಆರಿಸಿದರೆ ಪರದೆಯ ಮೇಲೆ ಬರುವುದು ಒಂದೇ ಸಾಲು: ಡಯಾಗ್ನಾಸ್ಟಿಕ್ ಪಾರ್ಟಿಷನ್ ಕಂಡುಬಂದಿಲ್ಲ.

ಆ ಪಾರ್ಟಿಷನ್, ಎಂದರೆ ಡಿಸ್ಕಿನಲ್ಲಿ ಬೇರೆಯಾಗಿ ಬಿಟ್ಟಿದ್ದ ಒಂದು ತುಂಡು, ಹಳೆಯ ಡಿಸ್ಕಿನ ಜೊತೆಯಲ್ಲೇ ಹೋಗಿದೆ. ಹೋದದ್ದು ಬಹಳವೆಂದರೆ ಕೆಲವು ಹತ್ತು ಎಂಬಿ ಜಾಗ. ಆದರೆ ಯಂತ್ರಕ್ಕೆ ನಿಜವಾಗಿ ಏನಾಗಿದೆ ಎಂದು ಹೇಳಬಲ್ಲ ತಂತ್ರಾಂಶ ಇದ್ದದ್ದು ಆ ಜಾಗದಲ್ಲೇ. ಅದನ್ನು ಅಲ್ಲಿ ಯಾಕೆ ಇಟ್ಟರು, ಯಂತ್ರ ಅದನ್ನು ಹೇಗೆ ಹುಡುಕುತ್ತಿತ್ತು, ಹೊಸ ಡಿಸ್ಕಿನಲ್ಲಿ ಮತ್ತೆ ಕೂರಿಸುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯ. ಇಡೀ ಅಧ್ಯಾಯದ ಹಿಂದೆ ಒಂದು ಸರಳ ನಿಯಮವಿದೆ. ಪರೀಕ್ಷೆ ಮಾಡುವ ಸಾಧನ, ಪರೀಕ್ಷೆಗೆ ಒಳಗಾಗುವ ಭಾಗದ ಹೊರಗಿರಬೇಕು. ಹೇಳಲು ಸುಲಭವಾದ ಈ ನಿಯಮವನ್ನು ಯಂತ್ರದೊಳಗೇ ಪಾಲಿಸಲು ಕಂಪ್ಯೂಟರ್ ಉದ್ಯಮಕ್ಕೆ ಹತ್ತಿರ ಹತ್ತಿರ ಮೂವತ್ತು ವರ್ಷ ಹಿಡಿಯಿತು.

ವಿಂಡೋಸ್ ಒಳಗಿಂದಲೇ ಪರೀಕ್ಷೆ ಮಾಡಿದರೆ ಸಾಲದೆ?

ರ‍್ಯಾಮ್‌ನ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ನೆನಪಿನ ಕೋಶ ಸರಿಯಿದೆಯೇ ಎಂದು ನೋಡುವ ವಿಧಾನ ತೀರ ಸಾದಾ: ಅದರಲ್ಲಿ ಒಂದು ಬೆಲೆ ಬರೆಯುವುದು, ಮತ್ತೆ ಓದುವುದು, ಎರಡೂ ಒಂದೇ ಇದೆಯೇ ನೋಡುವುದು. ಮೊದಲು ಎಲ್ಲೆಡೆ 01010101 ಎಂದು ಬರೆಯುತ್ತಾರೆ, ಆಮೇಲೆ 10101010 ಎಂದು ತಿರುಗಿಸುತ್ತಾರೆ. ಹೀಗೆ ಮಾಡಿದಾಗ ಪ್ರತಿ ಬಿಟ್ ಒಮ್ಮೆ ಸೊನ್ನೆಯಾಗಿಯೂ ಒಮ್ಮೆ ಒಂದಾಗಿಯೂ ನಿಲ್ಲಲೇಬೇಕು. ಸೊನ್ನೆಯಲ್ಲೇ ಅಥವಾ ಒಂದರಲ್ಲೇ ಸಿಕ್ಕಿಹಾಕಿಕೊಂಡ ಕೋಶ ಆಗ ಬಯಲಾಗುತ್ತದೆ. ಪಕ್ಕದ ಕೋಶ ಬದಲಾದಾಗ ತಾನೂ ಬದಲಾಗುವ ಕೋಶಗಳಿರುತ್ತವೆ. ಅವನ್ನು ಹಿಡಿಯಲು ವಿಳಾಸಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿಕೊಂಡು ಹೋಗಬೇಕಾಗುತ್ತದೆ.

ವಿಂಡೋಸ್ ನಡೆಯುತ್ತಿರುವಾಗ ಇದನ್ನು ಪೂರ್ತಿಯಾಗಿ ಮಾಡಲಾಗದು. ರ‍್ಯಾಮ್‌ನ ಒಂದು ದೊಡ್ಡ ಪಾಲಿನಲ್ಲಿ ವಿಂಡೋಸೇ ಕೂತಿರುತ್ತದೆ. ಅಲ್ಲಿ ಪರೀಕ್ಷೆಯ ಬೆಲೆ ಬರೆದರೆ ಯಂತ್ರ ಆ ಕ್ಷಣವೇ ನಿಲ್ಲುತ್ತದೆ. ಅದೂ ಅಲ್ಲದೆ ಕಾರ್ಯಾಚರಣ ವ್ಯವಸ್ಥೆ ಯಾವ ತಂತ್ರಾಂಶಕ್ಕೂ ರ‍್ಯಾಮ್‌ನ ನಿಜವಾದ ವಿಳಾಸ ಕೊಡುವುದಿಲ್ಲ, ಕಲ್ಪಿತ ವಿಳಾಸ ಕೊಟ್ಟು ಹಿಂದಿನಿಂದ ತಾನೇ ಹೊಂದಿಸುತ್ತದೆ. ಹಾಗಾಗಿ ಯಾವ ಚಿಪ್ಪಿನ ಯಾವ ಮೂಲೆಯನ್ನು ಮುಟ್ಟುತ್ತಿದ್ದೇನೆಂದು ಪರೀಕ್ಷಿಸುವ ತಂತ್ರಾಂಶಕ್ಕೇ ಗೊತ್ತಿರುವುದಿಲ್ಲ. ಬೂಟ್ ಆಗುವ ಮೊದಲೇ ನಡೆಯುವ ಪುಟ್ಟ ತಂತ್ರಾಂಶಕ್ಕೆ ಈ ಎರಡೂ ಕಷ್ಟಗಳಿಲ್ಲ. 1994ರಲ್ಲಿ ಕ್ರಿಸ್ ಬ್ರಾಡಿ ಬರೆದ ಮೆಮ್‌ಟೆಸ್ಟ್86 ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ತಾನು ಕೂತ ಜಾಗವನ್ನೂ ಬಿಡುವುದಿಲ್ಲ. ತನ್ನನ್ನು ತಾನೇ ರ‍್ಯಾಮ್‌ನ ಬೇರೆ ಜಾಗಕ್ಕೆ ನಕಲಿಸಿಕೊಂಡು, ಮೊದಲು ಕೂತಿದ್ದ ಜಾಗವನ್ನೂ ಪರೀಕ್ಷಿಸುತ್ತದೆ.

ಡಿಸ್ಕಿನ ವಿಷಯದಲ್ಲೂ ಹೀಗೆಯೇ. ಡಿಸ್ಕುಗಳು ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳುಹಿಸಿದ ಸೆಕ್ಟರುಗಳು ಎಷ್ಟೆಂದು 5ನೇ ಸಂಖ್ಯೆಯ ಸಾಲು ಹೇಳುತ್ತದೆ, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು ಎಷ್ಟೆಂದು 197ನೇ ಸಾಲು ಹೇಳುತ್ತದೆ. ಈ ಅಂಕಿಗಳನ್ನು ವಿಂಡೋಸ್‌ನಿಂದಲೂ ಓದಬಹುದು, ನಿಜ. ಆದರೆ ಡಿಸ್ಕ್ ಕೆಟ್ಟಾಗ ಮೊದಲು ಏಳದೇ ಹೋಗುವುದು ಆ ವಿಂಡೋಸೇ. ಪರೀಕ್ಷೆ ತೀರ ಅಗತ್ಯವಾದ ಗಳಿಗೆಯಲ್ಲೇ ಅದು ಕೈಗೆ ಸಿಗುವುದಿಲ್ಲ.

ಫ್ಲಾಪಿಯಿಂದ ಡಿಸ್ಕಿನ ಮೂಲೆಗೆ

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿದಾಗ ಪರೀಕ್ಷೆಯನ್ನು ಎರಡು ಪಾಲು ಮಾಡಿತ್ತು. ಮೊದಲ ಪಾಲು ಮದರ್‌ಬೋರ್ಡಿನ ರಾಮ್ (ಆರ್‌ಒಎಂ) ಚಿಪ್ಪಿನಲ್ಲೇ ಇತ್ತು. ವಿದ್ಯುತ್ ಹರಿದ ಕೂಡಲೇ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಆ ಭಾಗಕ್ಕೆ ಪೋಸ್ಟ್ ಎಂದು ಹೆಸರು. ಎಲ್ಲ ಸರಿಯಿದ್ದರೆ ಒಂದು ಚಿಕ್ಕ ಬೀಪ್. ತಪ್ಪಿದ್ದರೆ ಒಂದು ಸಂಖ್ಯೆ: 201 ಬಂದರೆ ರ‍್ಯಾಮ್, 301 ಬಂದರೆ ಕೀಬೋರ್ಡ್, ಹಾರ್ಡ್ ಡಿಸ್ಕ್ ಬಂದ ಮೇಲೆ ಅದಕ್ಕೆ 1701. ಆಳವಾದ ಪರೀಕ್ಷೆಗೆ ಬೇಕಾದ ಎರಡನೇ ಪಾಲು ಕೈಪಿಡಿಯ ಜೊತೆ ಬರುವ ಒಂದು ಫ್ಲಾಪಿಯಲ್ಲಿತ್ತು.

ಫ್ಲಾಪಿಯ ಏರ್ಪಾಡು ನಮ್ಮ ನಿಯಮಕ್ಕೆ ಸರಿಯಾಗಿ ಹೊಂದುತ್ತದೆ. ಅದು ಯಂತ್ರದ ಹೊರಗಿನ ವಸ್ತು. ಆದರೆ ಹೊರಗಿನದೆಲ್ಲ ಒಂದಲ್ಲ ಒಂದು ದಿನ ಕಳೆಯುತ್ತದೆ. ಕಚೇರಿಯಲ್ಲಿ ನೂರು ಯಂತ್ರಗಳಿದ್ದರೆ ಯಾವ ಫ್ಲಾಪಿ ಯಾವ ಯಂತ್ರದ್ದು ಎಂಬ ಲೆಕ್ಕ ಇಡುವವರಿಲ್ಲ. 1983ರ ಮಾರ್ಚ್‌ನಲ್ಲಿ 10 ಎಂಬಿ ಹಾರ್ಡ್ ಡಿಸ್ಕಿನೊಂದಿಗೆ ಐಬಿಎಂ ಪಿಸಿ ಎಕ್ಸ್‌ಟಿ ಬಂತು. ಮುಂದಿನ ಹತ್ತು ವರ್ಷಗಳಲ್ಲಿ ಡಿಸ್ಕುಗಳು ನೂರಾರು ಎಂಬಿಗೆ ಬೆಳೆದವು. ಆಗ ತಯಾರಕರು, ಫ್ಲಾಪಿಯಲ್ಲಿರುವುದನ್ನು ಡಿಸ್ಕಿನ ಒಂದು ಮೂಲೆಯಲ್ಲೇ ಇಟ್ಟರೆ ಕಳೆಯುವ ಭಯವೇ ಇಲ್ಲವಲ್ಲ ಎಂದು ಯೋಚಿಸಿದರು.

ಹ್ಯೂಸ್ಟನ್‌ನ ಕಾಂಪ್ಯಾಕ್ ಕಂಪನಿ ಈ ದಾರಿಯಲ್ಲಿ ಬಹಳ ಮುಂದೆ ಹೋಯಿತು. 1990ರ ದಶಕದ ಅದರ ಅನೇಕ ಯಂತ್ರಗಳಲ್ಲಿ ಪರೀಕ್ಷೆಯ ತಂತ್ರಾಂಶವಷ್ಟೇ ಅಲ್ಲದೆ, ಯಂತ್ರವನ್ನು ಶುರು ಮಾಡುವ ಬಯೋಸ್‌ನ ಸೆಟಪ್ ಕೂಡ ಡಿಸ್ಕಿನ ಒಂದು ಪಾರ್ಟಿಷನ್‌ನಲ್ಲಿತ್ತು. ಯಂತ್ರ ಶುರುವಾಗುವಾಗ ಪರದೆಯ ಬಲ ಮೇಲ್ಮೂಲೆಯಲ್ಲಿ ಕರ್ಸರ್ ಮಿನುಗುತ್ತದೆ. ಅಷ್ಟರಲ್ಲಿ ಎಫ್10 ಒತ್ತಿದರೆ ಸೆಟಪ್ ತೆರೆಯುತ್ತದೆ. ಡಿಸ್ಕ್ ಬದಲಿಸಿದವರಿಗೆ ಆ ಸೌಲಭ್ಯ ಇಲ್ಲ. ಸೆಟಪ್‌ಗೆ ಮತ್ತೆ ಫ್ಲಾಪಿಯನ್ನೇ ಹುಡುಕಬೇಕು. ಹೊಸ ಡಿಸ್ಕ್ ಹಾಕಿದಾಗ ಅದರ ವಿವರವನ್ನು ಸೆಟಪ್‌ನಲ್ಲಿ ತುಂಬಬೇಕು, ಆದರೆ ಸೆಟಪ್ ಇದ್ದದ್ದು ಹಳೆಯ ಡಿಸ್ಕಿನಲ್ಲಿ.

ಹಾಗಾದರೆ ಎಲ್ಲವನ್ನೂ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಯಾಕೆ ಇಡಲಿಲ್ಲ? ಜಾಗವಿರಲಿಲ್ಲ. ಆ ಕಾಲದ ಬಯೋಸ್ ಚಿಪ್ಪುಗಳಲ್ಲಿ ಇದ್ದದ್ದು ಕೆಲವು ನೂರು ಕೆಬಿ, ಹೆಚ್ಚೆಂದರೆ ಒಂದು ಎಂಬಿ. ಬಣ್ಣದ ಮೆನು, ಹತ್ತಾರು ಪರೀಕ್ಷೆ, ಹಲವು ಭಾಷೆಯ ಸಂದೇಶ ಇವೆಲ್ಲ ಸೇರಿದ ತಂತ್ರಾಂಶ ಅಲ್ಲಿ ಹಿಡಿಸದು. ಡಿಸ್ಕಿನಲ್ಲಾದರೋ ನಲವತ್ತು ಎಂಬಿ ಬಿಟ್ಟುಕೊಟ್ಟರೆ ಯಾರಿಗೂ ಗೊತ್ತೇ ಆಗದು. ಡೆಲ್ ಕೂಡ ಅದೇ ದಾರಿ ಹಿಡಿದು, ತನ್ನ ಲ್ಯಾಟಿಟ್ಯೂಡ್ ಮತ್ತು ಇನ್‌ಸ್ಪಿರಾನ್ ಯಂತ್ರಗಳ ಡಿಸ್ಕಿನ ಮೊದಲಲ್ಲೇ ಪುಟ್ಟ ಯುಟಿಲಿಟಿ ಪಾರ್ಟಿಷನ್ ಇಡತೊಡಗಿತು. ಅದರಲ್ಲಿ ಡಾಸ್ ಮಾದರಿಯ ಒಂದು ಸಣ್ಣ ವ್ಯವಸ್ಥೆ, ಅದರ ಮೇಲೆ ಪರೀಕ್ಷೆಯ ತಂತ್ರಾಂಶ.

ಹದಿನಾರು ಬೈಟುಗಳಲ್ಲಿ ಒಂದು ಪಾರ್ಟಿಷನ್

ವಿಂಡೋಸ್‌ನ ಕಣ್ಣಿಗೆ ಬೀಳದ ಈ ಪಾರ್ಟಿಷನ್ ಬಯೋಸ್‌ಗೆ ಸಿಗುತ್ತಿದ್ದದ್ದು ಹೇಗೆ? ಇದಕ್ಕೆ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಬಿಚ್ಚಿ ನೋಡಬೇಕು. ಅದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್, ಚಿಕ್ಕದಾಗಿ ಎಂಬಿಆರ್ ಎನ್ನುತ್ತಾರೆ. ಎಕ್ಸ್‌ಟಿಯ ಜೊತೆ ಬಂದ ಡಾಸ್ 2.0 ಇದನ್ನು ತಂದಿತು. ಒಟ್ಟು 512 ಬೈಟ್. ಮೊದಲ 446 ಬೈಟುಗಳು ಬೂಟ್ ಮಾಡುವ ಸಂಕೇತಕ್ಕೆ. ನಂತರದ 64 ಬೈಟುಗಳು ಪಾರ್ಟಿಷನ್ ಪಟ್ಟಿಗೆ. ಕೊನೆಯ ಎರಡು ಬೈಟುಗಳು ಗುರುತಿನ ಮುದ್ರೆ, 55 ಮತ್ತು ಎಎ. ಪಟ್ಟಿಯ 64 ಬೈಟುಗಳಲ್ಲಿ ತಲಾ 16 ಬೈಟಿನ ನಾಲ್ಕು ಸಾಲುಗಳು.

ಈ ಪಟ್ಟಿಯನ್ನು ಡಿಸ್ಕಿನ ಪಹಣಿ ಎನ್ನಬಹುದು. ಯಾವ ತುಂಡು ಎಲ್ಲಿಂದ ಶುರು, ವಿಸ್ತೀರ್ಣ ಎಷ್ಟು, ಯಾವ ವರ್ಗಕ್ಕೆ ಸೇರಿದ್ದು ಎಂಬುದಷ್ಟೇ ಇದರಲ್ಲಿರುತ್ತದೆ. ಪಹಣಿ ಕಳೆದ ಮಾತ್ರಕ್ಕೆ ಜಮೀನು ಎಲ್ಲೂ ಹೋಗುವುದಿಲ್ಲ. ಹಾಗೆಯೇ ಪಹಣಿಯಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ ಬರಡು ಜಾಗದಲ್ಲಿ ಬೆಳೆ ಏಳುವುದಿಲ್ಲ. ಮರುಸ್ಥಾಪನೆಗೆ ಹೊರಟವರು ಈ ಎರಡು ಮಾತನ್ನೂ ನೆನಪಿಡಬೇಕು.

ಸುಮಾರು 39 ಎಂಬಿ ಗಾತ್ರದ ಡೆಲ್ ಯುಟಿಲಿಟಿ ಪಾರ್ಟಿಷನ್‌ನ ಸಾಲು ಹದಿನಾರನೇ ಆಧಾರದ ಅಂಕಿಗಳಲ್ಲಿ ಹೀಗಿರುತ್ತದೆ:

00 01 01 00 ಡಿಇ ಎಫ್‌ಇ 3ಎಫ್ 04 3ಎಫ್ 00 00 00 86 39 01 00

ಮೊದಲ ಬೈಟ್ ಸೊನ್ನೆ. ಇಲ್ಲಿಂದ ತಾನಾಗಿ ಬೂಟ್ ಆಗಬೇಡ ಎಂದು ಅರ್ಥ. ಆಗಬೇಕಿದ್ದರೆ ಅಲ್ಲಿ 80 ಇರುತ್ತದೆ. ಮುಂದಿನ ಮೂರು ಬೈಟುಗಳು ಹಳೆಯ ಪದ್ಧತಿಯ ಆರಂಭ ವಿಳಾಸ: ಸಿಲಿಂಡರ್ 0, ಹೆಡ್ 1, ಸೆಕ್ಟರ್ 1. ಐದನೆಯದು ಡಿಇ, ದಶಮಾನದಲ್ಲಿ 222. ಇದು ಪಾರ್ಟಿಷನ್‌ನ ವರ್ಗ. ಆಮೇಲಿನ ಮೂರು ಹಳೆಯ ಪದ್ಧತಿಯ ಅಂತ್ಯ ವಿಳಾಸ. ನಂತರದ ನಾಲ್ಕು ಬೈಟುಗಳು ಹೊಸ ಪದ್ಧತಿಯಲ್ಲಿ ಆರಂಭದ ಸೆಕ್ಟರ್. ಇಂಟೆಲ್ ಕ್ರಮದಲ್ಲಿ ಬಲದಿಂದ ಎಡಕ್ಕೆ ಓದಿದರೆ 3ಎಫ್, ಅಂದರೆ 63. ಕೊನೆಯ ನಾಲ್ಕು ಒಟ್ಟು ಸೆಕ್ಟರುಗಳು, 80,262. ಒಂದೊಂದಕ್ಕೆ 512 ಬೈಟಿನಂತೆ ಗುಣಿಸಿದರೆ 4,10,94,144 ಬೈಟ್.

ಬಯೋಸ್ ಹುಡುಕುವುದು ಆ ಐದನೇ ಬೈಟನ್ನು. ಎಫ್12 ಮೆನುವಿನಲ್ಲಿ ಡಯಾಗ್ನಾಸ್ಟಿಕ್ಸ್ ಆರಿಸಿದಾಗ ಅದು ನಾಲ್ಕು ಸಾಲುಗಳಲ್ಲಿ ಡಿಇ ಎಲ್ಲಿದೆ ಎಂದು ನೋಡಿ, ಅಲ್ಲಿಂದ ಬೂಟ್ ಮಾಡುತ್ತದೆ. ವಿಂಡೋಸ್‌ನ ಪಾರ್ಟಿಷನ್‌ಗೆ 07, ಲಿನಕ್ಸ್‌ನದಕ್ಕೆ 83, ಕಾಂಪ್ಯಾಕ್‌ನ ಪರೀಕ್ಷಾ ಪಾರ್ಟಿಷನ್‌ಗೆ 12. ಡಿಇ ಎಂಬ ವರ್ಗ ತನ್ನದಲ್ಲವೆಂದು ವಿಂಡೋಸ್ ಅದಕ್ಕೆ ಡ್ರೈವ್ ಅಕ್ಷರ ಕೊಡುವುದಿಲ್ಲ. ಮೈ ಕಂಪ್ಯೂಟರ್‌ನಲ್ಲಿ ಕಾಣದೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾತ್ರ ಓಇಎಂ ಪಾರ್ಟಿಷನ್ ಎಂದು ಅದು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಇಲ್ಲಿ ಇನ್ನೊಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅದೇ ಕಾಲದ ಕೆಲವು ಡೆಲ್ ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಎಫ್11 ಒಟ್ಟಿಗೆ ಒತ್ತಿದರೆ ವಿಂಡೋಸನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಸೌಲಭ್ಯವಿತ್ತು. ಅದರ ಪಾರ್ಟಿಷನ್‌ನ ವರ್ಗ ಡಿಬಿ. ಅದನ್ನು ಹುಡುಕುತ್ತಿದ್ದದ್ದು ಬಯೋಸ್ ಅಲ್ಲ, ಎಂಬಿಆರ್‌ನ 446 ಬೈಟಿನಲ್ಲಿ ಡೆಲ್ ಬರೆದಿದ್ದ ವಿಶೇಷ ಸಂಕೇತ. ವಿಂಡೋಸ್ ಅಥವಾ ಲಿನಕ್ಸ್ ತನ್ನದೇ ಬೂಟ್ ಸಂಕೇತವನ್ನು ಅಲ್ಲಿ ಬರೆದರೆ, ಪಾರ್ಟಿಷನ್ ಹಾಗೆಯೇ ಇದ್ದರೂ ಕಂಟ್ರೋಲ್-ಎಫ್11 ಕೆಲಸ ಮಾಡುವುದಿಲ್ಲ. ಡಿಇ ಪಾರ್ಟಿಷನ್‌ಗೆ ಆ ಅಪಾಯವಿಲ್ಲ, ಏಕೆಂದರೆ ಅದನ್ನು ಹುಡುಕುವವನು ಡಿಸ್ಕಿನ ಹೊರಗಿದ್ದಾನೆ. ಹೊರಗಿರುವುದರ ಲಾಭ ಇಲ್ಲೇ ಕಾಣುತ್ತದೆ.

ಮತ್ತೆ ಕೂರಿಸುವುದು

ಹಳೆಯ ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ ಕೆಲಸ ಸುಲಭ. ಕ್ಲೋನ್‌ಝಿಲಾದಂಥ ತಂತ್ರಾಂಶದಿಂದ ಇಡೀ ಡಿಸ್ಕನ್ನು ಸೆಕ್ಟರ್ ಬಿಡದೆ ಹೊಸದಕ್ಕೆ ನಕಲಿಸಿದರೆ ಪಟ್ಟಿಯೂ ಬರುತ್ತದೆ, ಪಾರ್ಟಿಷನ್‌ಗಳೂ ಬರುತ್ತವೆ. ಡಿಸ್ಕ್ ಅಲ್ಲಲ್ಲಿ ಕೆಟ್ಟಿದ್ದರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಲೇಸು. ಅದು ಸುಲಭವಾಗಿ ಓದಬಲ್ಲ ಭಾಗವನ್ನು ಮೊದಲು ತೆಗೆದಿಟ್ಟುಕೊಂಡು, ಹಟ ಮಾಡುವ ಸೆಕ್ಟರುಗಳನ್ನು ಕೊನೆಗೆ ಮತ್ತೆ ಮತ್ತೆ ಕೇಳುತ್ತದೆ. ಡಯಾಗ್ನಾಸ್ಟಿಕ್ ಪಾರ್ಟಿಷನ್ ಡಿಸ್ಕಿನ ಮೊದಲಲ್ಲೇ ಇದ್ದು, ಬರೆಯುವ ಕೆಲಸ ಅದರಲ್ಲಿ ಇಲ್ಲದ ಕಾರಣ, ಸಾಮಾನ್ಯವಾಗಿ ಅದು ಪೂರ್ತಿ ಸಿಗುತ್ತದೆ.

ಇಡೀ ಡಿಸ್ಕ್ ಬೇಡ, ಆ ಪುಟ್ಟ ಪಾರ್ಟಿಷನ್ ಮಾತ್ರ ಸಾಕು ಎನ್ನುವವರು ಹೆಚ್ಚು. ಹೊಸ ಡಿಸ್ಕಿನಲ್ಲಿ ವಿಂಡೋಸ್ ಹೊಸದಾಗಿಯೇ ಹಾಕಬೇಕೆಂಬುದು ಅವರ ಆಸೆ. ಅವರು ಮೊದಲು ಮಾಡಬೇಕಾದ್ದು ಜಾಗ ಕಾಯ್ದಿರಿಸುವುದು. ವಿಂಡೋಸ್ ಇಡೀ ಡಿಸ್ಕನ್ನು ಆವರಿಸಿಕೊಂಡ ಮೇಲೆ ಮೊದಲ ಸೆಕ್ಟರುಗಳನ್ನು ಬಿಡಿಸಿಕೊಳ್ಳುವುದು ಕಷ್ಟ. ಆದ್ದರಿಂದ ಡಿಇ ಮೊದಲು, ವಿಂಡೋಸ್ ಆಮೇಲೆ. ಹಳೆಯ ಪಾರ್ಟಿಷನ್‌ನ ಅಷ್ಟೇ ಗಾತ್ರದ ತುಂಡು ಮಾಡಿ, ಹಳೆಯದನ್ನು ಸೆಕ್ಟರ್ ಸೆಕ್ಟರಾಗಿ ಅದರೊಳಕ್ಕೆ ನಕಲಿಸಿ, ಕೊನೆಗೆ ವರ್ಗವನ್ನು ಡಿಇ ಎಂದು ಬದಲಿಸಬೇಕು. ಲಿನಕ್ಸ್‌ನ ಎಫ್‌ಡಿಸ್ಕ್‌ನಲ್ಲಿ ಟಿ ಒತ್ತಿ ಡಿಇ ಎಂದು ಕೊಟ್ಟರೆ ಅದು ಡೆಲ್ ಯುಟಿಲಿಟಿ ಎಂದು ಹೆಸರು ಹೇಳಿ ಒಪ್ಪಿಕೊಳ್ಳುತ್ತದೆ. ವಿಂಡೋಸ್‌ನ ಡಿಸ್ಕ್‌ಪಾರ್ಟ್‌ನಲ್ಲಿ ಸೆಟ್ ಐಡಿ ಎಂಬ ಆದೇಶ ಇದೇ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಎಫ್12 ಒತ್ತಿದಾಗ ಪರದೆ ಕಪ್ಪಾಗಿಯೇ ನಿಲ್ಲುವುದುಂಟು. ಬಯೋಸ್‌ಗೆ ಡಿಇ ಸಿಕ್ಕಿದೆ, ಆದರೆ ಅದರೊಳಗಿನ ಬೂಟ್ ಸೆಕ್ಟರ್ ದಾರಿ ತಪ್ಪಿದೆ. ಕಾರಣ ನಾಲ್ಕೇ ಬೈಟುಗಳಲ್ಲಿದೆ. ಡಾಸ್ ಬಳಸುವ ಫ್ಯಾಟ್16 ಎಂಬ ಕಡತ ವ್ಯವಸ್ಥೆಯ ಪಾರ್ಟಿಷನ್‌ನ ಬೂಟ್ ಸೆಕ್ಟರಿನಲ್ಲಿ, 28ನೇ ಬೈಟಿನಿಂದ ಶುರುವಾಗುವ ನಾಲ್ಕು ಬೈಟುಗಳು ಈ ಪಾರ್ಟಿಷನ್‌ಗಿಂತ ಮೊದಲು ಡಿಸ್ಕಿನಲ್ಲಿ ಎಷ್ಟು ಸೆಕ್ಟರುಗಳಿವೆ ಎಂದು ಹೇಳುತ್ತವೆ. ತನ್ನ ಕಡತಗಳು ಎಲ್ಲಿವೆಯೆಂದು ಬೂಟ್ ಸಂಕೇತ ಲೆಕ್ಕ ಹಾಕುವುದು ಆ ಸಂಖ್ಯೆಯನ್ನು ಕೂಡಿಸಿಕೊಂಡೇ. ಹಳೆಯ ಡಿಸ್ಕಿನಲ್ಲಿ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗಿತ್ತು. ಅಲ್ಲಿ 3ಎಫ್ 00 00 00 ಎಂದಿದೆ. ಇಂದಿನ ತಂತ್ರಾಂಶಗಳು ಮೊದಲ ಪಾರ್ಟಿಷನ್ನನ್ನು 2048ರಿಂದ ಶುರು ಮಾಡುತ್ತವೆ. ಹೀಗಾಗಿ ಬೂಟ್ ಸಂಕೇತ 1985 ಸೆಕ್ಟರುಗಳಷ್ಟು ಹಿಂದೆ ಹೋಗಿ ಹುಡುಕುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಆ ನಾಲ್ಕು ಬೈಟುಗಳನ್ನು 00 08 00 00 ಎಂದು ತಿದ್ದಬೇಕು, ಇಲ್ಲವೇ ಪಾರ್ಟಿಷನ್ನನ್ನು ಹಳೆಯ 63ರಲ್ಲೇ ಕೂರಿಸಬೇಕು. ಕಡತಗಳನ್ನಷ್ಟೇ ಎಳೆದು ಹಾಕಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

63 ಮತ್ತು 2048ರ ಹಿಂದೆಯೂ ಕಾರಣವಿದೆ. ಹಳೆಯ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ 63 ಸೆಕ್ಟರುಗಳು. ಮೊದಲ ಟ್ರ್ಯಾಕನ್ನು ಎಂಬಿಆರ್‌ಗೆ ಬಿಟ್ಟು ಎರಡನೆಯದರಿಂದ ಪಾರ್ಟಿಷನ್ ಶುರು ಮಾಡುತ್ತಿದ್ದರು. ಇತ್ತೀಚಿನ ಡಿಸ್ಕುಗಳು ಒಳಗೊಳಗೆ 4096 ಬೈಟಿನ ಸೆಕ್ಟರುಗಳನ್ನು ಬಳಸುತ್ತವೆ, ಎಂದರೆ ಹಳೆಯ ಎಂಟು ಸೆಕ್ಟರಿಗೆ ಹೊಸದೊಂದು. 63ನ್ನು ಎಂಟರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಹಾಗಾಗಿ ವಿಂಡೋಸ್ ಬರೆಯುವ ಪ್ರತಿ ತುಣುಕೂ ಎರಡು ಸೆಕ್ಟರುಗಳ ಮೇಲೆ ಅಡ್ಡ ಬೀಳುತ್ತದೆ. ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಇದು ವೇಗಕ್ಕೂ ಬಾಳಿಕೆಗೂ ಪೆಟ್ಟು. 2048 ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಇಲ್ಲಿ ಎರಡೂ ಕಡೆಯ ಲಾಭ ಪಡೆಯುವ ಒಂದು ಹಾದಿಯಿದೆ. ಡಯಾಗ್ನಾಸ್ಟಿಕ್ ಪಾರ್ಟಿಷನ್ ವರ್ಷಕ್ಕೊಮ್ಮೆ ಓದಿದರೆ ಹೆಚ್ಚು, ಬರೆಯುವುದಂತೂ ಇಲ್ಲ. ಅದು 63ರಲ್ಲೇ ಇರಲಿ, ಅದರಿಂದ ನಷ್ಟವಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 80,324ನೇ ಸೆಕ್ಟರಿಗೆ ಮುಗಿಯುತ್ತದೆ. ವಿಂಡೋಸ್‌ನ ಪಾರ್ಟಿಷನ್ನನ್ನು ಅದರ ಬೆನ್ನಿಗೇ ಅಂಟಿಸದೆ, 2048ರ ಮುಂದಿನ ಗುಣಕವಾದ 81,920ರಿಂದ ಶುರು ಮಾಡಿದರಾಯಿತು. ನಡುವೆ ವ್ಯರ್ಥವಾಗುವ ಜಾಗ ಒಂದು ಎಂಬಿಗಿಂತ ಕಡಿಮೆ.

ಹಳೆಯ ಡಿಸ್ಕ್ ಸಂಪೂರ್ಣ ಸತ್ತಿದ್ದರೆ? ಡೆಲ್ ಯಂತ್ರಗಳ ಜೊತೆ ಡ್ರೈವರ್ಸ್ ಆ್ಯಂಡ್ ಯುಟಿಲಿಟೀಸ್ ಎಂಬ ಸಿಡಿ ಬರುತ್ತಿತ್ತು. ಪಾರ್ಟಿಷನ್ ಸಿಗದಿದ್ದರೆ ಆ ಸಿಡಿಯಿಂದಲೇ ಬೂಟ್ ಮಾಡಿ ಪರೀಕ್ಷೆ ನಡೆಸಿ ಎಂದು ಕೈಪಿಡಿಯೇ ಹೇಳುತ್ತಿತ್ತು. ಪಾರ್ಟಿಷನ್ ಮತ್ತೆ ಕೂರಿಸುವ ಶ್ರಮ ಬೇಡವೆನ್ನುವವರಿಗೆ ಆ ಸಿಡಿಯನ್ನೋ ಬೂಟ್ ಆಗುವ ಪೆನ್‌ಡ್ರೈವನ್ನೋ ಲ್ಯಾಪ್‌ಟಾಪ್ ಚೀಲದಲ್ಲಿಟ್ಟುಕೊಳ್ಳುವುದು ಸಾಕು. ಒಂದರ್ಥದಲ್ಲಿ ಅದು 1981ರ ಫ್ಲಾಪಿಯ ದಾರಿಯೇ, ಮತ್ತು ನಿಯಮಕ್ಕೆ ಹತ್ತಿರವಾದ ದಾರಿ.

ಡಿಸ್ಕೇ ಬಚ್ಚಿಟ್ಟುಕೊಂಡ ಜಾಗ

ಐಬಿಎಂ ಥಿಂಕ್‌ಪ್ಯಾಡ್‌ಗಳು 2000ದ ದಶಕದ ಆರಂಭದಲ್ಲಿ ಇನ್ನೂ ಗುಟ್ಟಿನ ದಾರಿ ಹಿಡಿದವು. 1998ರ ಎಟಿಎ-4 ಮಾನದಂಡದಲ್ಲಿ ಒಂದು ಆದೇಶವಿದೆ. ಅದನ್ನು ಕೊಟ್ಟರೆ ಡಿಸ್ಕ್ ತನ್ನ ನಿಜವಾದ ಗಾತ್ರವನ್ನು ಮುಚ್ಚಿಟ್ಟು, ಕೇಳಿದವರಿಗೆಲ್ಲ ಚಿಕ್ಕ ಸಂಖ್ಯೆಯನ್ನೇ ಹೇಳುತ್ತದೆ. 40 ಜಿಬಿ ಡಿಸ್ಕ್ ತಾನು 36 ಜಿಬಿ ಎಂದರೆ, ಉಳಿದ ನಾಲ್ಕು ಜಿಬಿ ಎಂಬಿಆರ್ ಪಟ್ಟಿಯಲ್ಲೂ ಇಲ್ಲ, ವಿಂಡೋಸ್‌ಗೂ ಗೊತ್ತಿಲ್ಲ, ವೈರಸ್ಸಿಗೂ ಸುಲಭಕ್ಕೆ ನಿಲುಕದು. ಕೀಬೋರ್ಡಿನ ಮೇಲಿದ್ದ ಆಕ್ಸೆಸ್ ಐಬಿಎಂ ಗುಂಡಿ ಒತ್ತಿದಾಗ ಬಯೋಸ್ ಆ ಜಾಗದ ಬೀಗ ತೆಗೆದು ಒಳಗಿನ ಸಲಕರಣೆಗಳನ್ನು ತರುತ್ತಿತ್ತು.

ಡಿಸ್ಕ್ ಬದಲಿಸುವವರಿಗೆ ಇದು ಡಿಇಗಿಂತ ಕಠಿಣ. ನಕಲು ಮಾಡುವ ತಂತ್ರಾಂಶವೂ ಡಿಸ್ಕ್ ಹೇಳಿದ ಗಾತ್ರವನ್ನೇ ನಂಬುತ್ತದೆ. ಎಲ್ಲವನ್ನೂ ನಕಲಿಸಿದೆನೆಂದು ಅದು ಹೇಳಿದರೂ ಬಚ್ಚಿಟ್ಟ ಭಾಗ ಹಳೆಯ ಡಿಸ್ಕಿನಲ್ಲೇ ಉಳಿದಿರುತ್ತದೆ. ಮೊದಲು ಡಿಸ್ಕಿನ ಸಹಜ ಗಾತ್ರವನ್ನು ಕೇಳಿ ಬೀಗ ತೆಗೆಯಬೇಕು. ಲಿನಕ್ಸ್‌ನ ಎಚ್‌ಡಿಪಾರ್ಮ್ ಈ ಕೆಲಸ ಮಾಡಬಲ್ಲದು. ಆಮೇಲಷ್ಟೇ ನಕಲು.

ಚಿಪ್ಪಿಗೆ ಮರಳಿದ ಪರೀಕ್ಷಕ

ಎಂಬಿಆರ್‌ಗೆ ಒಂದು ಮಿತಿಯಿತ್ತು. ಸೆಕ್ಟರುಗಳ ಲೆಕ್ಕಕ್ಕೆ ನಾಲ್ಕೇ ಬೈಟ್ ಇದ್ದುದರಿಂದ 512 ಬೈಟಿನ ಸೆಕ್ಟರುಗಳಲ್ಲಿ 2.2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಬಳಸಲಾರದು. ಅದರ ಜಾಗಕ್ಕೆ ಜಿಪಿಟಿ ಬಂತು, ಬಯೋಸ್‌ನ ಜಾಗಕ್ಕೆ ಯುಇಎಫ್‌ಐ ಬಂತು. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಸಾಲುಗಳು. ವರ್ಗ ಸೂಚಿಸಲು ಒಂದು ಬೈಟಿನ ಬದಲು ಹದಿನಾರು ಬೈಟಿನ ಗುರುತು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುತ್ತದೆ. ಇಲ್ಲಿ ಡಿಇ ಎಂಬ ಬೈಟಿಗೆ ಅರ್ಥವೇ ಇಲ್ಲ. ಹಳೆಯ ಯುಟಿಲಿಟಿ ಪಾರ್ಟಿಷನ್ನನ್ನು ಜಿಪಿಟಿ ಡಿಸ್ಕಿಗೆ ಎಷ್ಟು ನಿಷ್ಠೆಯಿಂದ ನಕಲಿಸಿದರೂ ಅದು ಏಳುವುದಿಲ್ಲ.

ಈ ಸಂಧಿಕಾಲದಲ್ಲಿ ಎಚ್‌ಪಿ ಹೊಸ ಬಗೆಯ ಹುಡುಕಾಟ ತಂದಿತು. ಅದರ ಲ್ಯಾಪ್‌ಟಾಪ್‌ಗಳು ಎಚ್‌ಪಿ_ಟೂಲ್ಸ್ ಎಂಬ ಹೆಸರಿನ ಫ್ಯಾಟ್32 ಪಾರ್ಟಿಷನ್ನನ್ನು ಅರಸುತ್ತಿದ್ದವು. ಡಿಸ್ಕ್ ಬದಲಿಸಿದವರು ಸಣ್ಣ ಫ್ಯಾಟ್32 ಪಾರ್ಟಿಷನ್ ಮಾಡಿ, ಅದಕ್ಕೆ ಅಕ್ಷರ ತಪ್ಪದೆ ಆ ಹೆಸರಿಟ್ಟು, ಎಚ್‌ಪಿ ಕೊಡುವ ಪ್ಯಾಕೇಜ್ ಓಡಿಸಿದರೆ ಎಫ್2ರ ಪರೀಕ್ಷೆ ಮರಳುತ್ತಿತ್ತು. ಆಮೇಲೆ ಆ ತಂತ್ರಾಂಶ ಇಎಫ್‌ಐ ಸಿಸ್ಟಂ ಪಾರ್ಟಿಷನ್‌ನೊಳಗಿನ ಒಂದು ಫೋಲ್ಡರಿಗೆ ಹೋಯಿತು. ವಿಂಡೋಸ್ ಹೊಸದಾಗಿ ಹಾಕಿದಾಗ ಆ ಪಾರ್ಟಿಷನ್ ತಾನಾಗಿ ಹುಟ್ಟುತ್ತದೆ, ಆದರೆ ಅದರಲ್ಲಿ ವಿಂಡೋಸ್‌ನ ಫೋಲ್ಡರ್ ಮಾತ್ರ ಇರುತ್ತದೆ. ತಯಾರಕರದ್ದನ್ನು ಅವರ ಪ್ಯಾಕೇಜಿನಿಂದಲೇ ತುಂಬಬೇಕು. ಒಟ್ಟಿನಲ್ಲಿ ಡೆಲ್ ಸಂಖ್ಯೆಯಿಂದ ಹುಡುಕಿತು, ಎಚ್‌ಪಿ ಮೊದಲು ಹೆಸರಿನಿಂದ ಹುಡುಕಿ ಆಮೇಲೆ ಫೋಲ್ಡರಿನ ಹಾದಿಯಿಂದ ಹುಡುಕಿತು, ಐಬಿಎಂ ಗಡಿಯಾಚೆ ಹುಡುಕಿತು. ಮರುಸ್ಥಾಪನೆಗೆ ಮೊದಲು ನಮ್ಮ ಯಂತ್ರ ಇವುಗಳಲ್ಲಿ ಯಾವುದನ್ನು ಹುಡುಕುತ್ತದೆಂದು ತಿಳಿದರೆ ಅರ್ಧ ಕೆಲಸ ಆದಂತೆ.

ಈ ಕಾಲಕ್ಕೆ ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ಪುಗಳೂ ಬೆಳೆದಿದ್ದವು. ಎಂಟು ಕಾಲಿನ ಪುಟ್ಟ ಚಿಪ್ಪಿನಲ್ಲಿ 16 ಎಂಬಿ, 32 ಎಂಬಿ ಸಿಗತೊಡಗಿತು. ಜಾಗವಿಲ್ಲ ಎಂಬ ಹಳೆಯ ಕಾರಣ ಹೋಯಿತು. ಡೆಲ್ ತನ್ನ ಪರೀಕ್ಷೆಗಳನ್ನು ಆ ಚಿಪ್ಪಿಗೇ ಸೇರಿಸಿತು. ಅಂಥ ಯಂತ್ರದಲ್ಲಿ ಡಿಸ್ಕನ್ನು ಪೂರ್ತಿ ಕಳಚಿಟ್ಟರೂ ಎಫ್12ರ ಪರೀಕ್ಷೆ ನಡೆಯುತ್ತದೆ. ಡಿಸ್ಕ್ ತನ್ನ ಸ್ವಪರೀಕ್ಷೆಯಲ್ಲಿ ಸೋತರೆ 2000-0142 ಎಂಬ ಸಂಕೇತ ಕೊಡುತ್ತದೆ, ಡಿಸ್ಕ್ ಸಿಗದೇ ಹೋದರೆ 2000-0141. ಇನ್ನೂ ಕೆಳಗಿನ ಹಂತದಲ್ಲಿ, ಡಿ ಅಕ್ಷರದ ಕೀಲಿ ಹಿಡಿದು ಪವರ್ ಗುಂಡಿ ಒತ್ತಿದರೆ ಪರದೆ ಒಂದೊಂದೇ ಬಣ್ಣ ತೋರಿಸುತ್ತಾ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಬಣ್ಣ ಸರಿಯಿದ್ದರೆ ಪರದೆಯಲ್ಲಿ ದೋಷವಿಲ್ಲ, ಹುಡುಕಬೇಕಾದ್ದು ಬೇರೆ ಕಡೆ.

ಡಿಸ್ಕ್ ಕೂಡ ಬದಲಾಗಿದೆ. 2017ರ ಎನ್‌ವಿಎಂಇ 1.3 ಮಾನದಂಡ ಎಸ್‌ಎಸ್‌ಡಿಗಳಿಗೆ ಸ್ವಪರೀಕ್ಷೆಯ ಆದೇಶವನ್ನು ಸೇರಿಸಿತು. ಹಳೆಯ ಡಿಇ ಪಾರ್ಟಿಷನ್‌ನ ತಂತ್ರಾಂಶಕ್ಕೆ ಇದರ ಪರಿಚಯವಿಲ್ಲ. ಹಳೆಯ ಸಾಟಾ ಯಂತ್ರದಲ್ಲಿ ರ‍್ಯಾಮ್, ಕೀಬೋರ್ಡ್, ಪರದೆ, ಪೋರ್ಟುಗಳಿಗೆ ಅದು ಈಗಲೂ ಉಪಯುಕ್ತ. ಎಸ್‌ಎಸ್‌ಡಿಯ ಸವೆತ ತಿಳಿಯಲು ಈಗಿನ ಸಾಧನಗಳನ್ನೇ ಬಳಸಬೇಕು.

ಡಿಸ್ಕ್ ತೆಗೆಯುವ ಮೊದಲು

ಇಷ್ಟೆಲ್ಲ ತಿಳಿದ ಮೇಲೆ ಬಳಕೆದಾರರು ಮಾಡಬೇಕಾದ್ದು ಸ್ವಲ್ಪವೇ. ಹಳೆಯ ಡಿಸ್ಕ್ ಇನ್ನೂ ಒಳಗಿರುವಾಗಲೇ ಒಮ್ಮೆ ಡಯಾಗ್ನಾಸ್ಟಿಕ್ಸ್ ಓಡಿಸಿ ನೋಡಿ. ನಂತರ ಡಿಸ್ಕ್ ಕಳಚಿ, ಮತ್ತೆ ಓಡಿಸಿ. ಆಗಲೂ ನಡೆದರೆ ಪರೀಕ್ಷಕ ಚಿಪ್ಪಿನಲ್ಲಿದ್ದಾನೆ, ನಿಮಗೆ ಬೇರೆ ಕೆಲಸವಿಲ್ಲ. ನಡೆಯದಿದ್ದರೆ ಅದು ಡಿಸ್ಕಿನಲ್ಲಿದೆ. ಅಂಗಡಿಯವರಿಗೆ ಹಳೆಯ ಡಿಸ್ಕ್ ಕೊಟ್ಟುಬಿಡುವ ಮೊದಲು ಆ ಪಾರ್ಟಿಷನ್‌ನ ನಕಲನ್ನು ಒಂದು ಕಡತವಾಗಿ ತೆಗೆದಿಡಿ. ನಲವತ್ತು ಎಂಬಿಯ ಕಡತ ಯಾವ ಪೆನ್‌ಡ್ರೈವಿನಲ್ಲೂ ಹಿಡಿಸುತ್ತದೆ. ಅದರ ಆರಂಭದ ಸೆಕ್ಟರ್ ಎಷ್ಟು, ವರ್ಗ ಯಾವುದು ಎಂದು ಪಕ್ಕದಲ್ಲೇ ಬರೆದಿಡಿ. ಆ ಎರಡು ಸಂಖ್ಯೆಗಳಿಲ್ಲದೆ ನಕಲು ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಈಗಷ್ಟೇ ನೋಡಿದೆವು.

ಇಷ್ಟು ಸಣ್ಣ ಪಾರ್ಟಿಷನ್‌ಗೆ ಇಷ್ಟು ಕಾಳಜಿ ಯಾಕೆ? ಕಾಯಿಲೆ ಗೊತ್ತಾಗದ ಯಂತ್ರದಲ್ಲಿ ಜನ ಊಹೆಯ ಮೇಲೆ ಬಿಡಿಭಾಗ ಬದಲಿಸುತ್ತಾರೆ. ರ‍್ಯಾಮ್‌ನ ಒಂದು ಪಟ್ಟಿ ಬದಲಿಸಿದರೆ ಸರಿಹೋಗುತ್ತಿದ್ದ ಲ್ಯಾಪ್‌ಟಾಪನ್ನು ಮದರ್‌ಬೋರ್ಡ್ ಹೋಗಿದೆ ಎಂದು ಹೇಳಿ ಕಸಕ್ಕೆ ಹಾಕುತ್ತಾರೆ. ಹಾಗೆ ಕಸವಾಗುವ ಯಂತ್ರದ ಲೋಹ, ಪ್ಲಾಸ್ಟಿಕ್, ಬ್ಯಾಟರಿಗಳ ಭಾರ ಕೊನೆಗೆ ನೆಲದ ಮೇಲೆ, ನೀರಿನ ಮೇಲೆ ಬೀಳುತ್ತದೆ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ದುರಸ್ತಿಯ ಹಕ್ಕಿಗೆ ಬಿಡಿಭಾಗ ಮತ್ತು ಕೈಪಿಡಿ ಎಷ್ಟು ಮುಖ್ಯವೋ ದೋಷ ಎಲ್ಲಿದೆಯೆಂದು ಹೇಳುವ ತಂತ್ರಾಂಶವೂ ಅಷ್ಟೇ ಮುಖ್ಯ. ರೋಗ ತಿಳಿಯುವ ಸಾಧನ ತಯಾರಕರ ಸೇವಾ ಕೇಂದ್ರದಲ್ಲಿ ಮಾತ್ರ ಇದ್ದರೆ, ಯಂತ್ರದ ಬಗ್ಗೆ ಕೊನೆಯ ಮಾತೂ ಅಲ್ಲೇ ಉಳಿಯುತ್ತದೆ.

ಡಿಇ ಎಂಬ ಒಂದು ಬೈಟಿನ ಕಾಲ ಮುಗಿದಿರಬಹುದು. ಆದರೆ ಹಳೆಯ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್‌ಗಳು ಇನ್ನೂ ಶಾಲೆಗಳಲ್ಲಿ, ಸಣ್ಣ ಅಂಗಡಿಗಳಲ್ಲಿ, ವಿದ್ಯಾರ್ಥಿಗಳ ಕೈಯಲ್ಲಿ ದುಡಿಯುತ್ತಿವೆ. ಅಂಥ ಯಂತ್ರಕ್ಕೆ ಹೊಸ ಡಿಸ್ಕ್ ಹಾಕುವವರು ಇನ್ನರ್ಧ ಗಂಟೆ ಕೊಟ್ಟು ಆ ಪುಟ್ಟ ಪಾರ್ಟಿಷನ್ನನ್ನೂ ಮರಳಿ ಕೂರಿಸಲಿ. ಮುಂದಿನ ಸಲ ಯಂತ್ರ ಕೈಕೊಟ್ಟಾಗ ಅದರ ಮಾಲೀಕರು ಯಾರ ಊಹೆಯನ್ನೂ ಕೇಳಬೇಕಾಗಿಲ್ಲ, ಎಫ್12 ಒತ್ತಿ ತಾವೇ ತಿಳಿದುಕೊಳ್ಳಬಹುದು.